ಅರ್ಜಿಯೊಳಗಿನ ಎರಡು ಹಾಳೆ

ನನ್ನ ಎಡಗಿವಿಯ ಮೇಲ್ದಂಡೆಯಲ್ಲಿ ಒಂದು ಸಣ್ಣ ತೂತಿದೆ. ಏನದು ಎಂದು ಕೇಳಿದವರಿಗೆಲ್ಲ ಚಿಕ್ಕವಳಿದ್ದಾಗ ಗಾಯವಾಗಿತ್ತು ಅನ್ನುತ್ತಿದ್ದೆ. ನಮ್ಮವ್ವ ನನಗೆ ಹಾಗೆಯೇ ಹೇಳಿಕೊಟ್ಟಿದ್ದಳು, ಅಪ್ಪನಿಗೂ ಅದನ್ನೇ ಹೇಳಿದ್ದಳು. ನಿಜ ನನಗೆ ಗೊತ್ತಾದದ್ದು ಇಪ್ಪತ್ತಾರು ತುಂಬಿದ ಮೇಲೆ. ಗೊತ್ತಾದದ್ದನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ, ನೌಕರಿಯ ಅರ್ಜಿಯೊಳಗೆ ಇಟ್ಟೆ. ಆ ಎರಡು ತಿಂಗಳು ಅಂಜಿದಷ್ಟು ನಾನು ಮತ್ತೆಂದೂ ಅಂಜಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಆಳಂದದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಪ್ರತಿ ಬೇಸಿಗೆಗೆ ಕೈಬಿಡುತ್ತಿದ್ದರು, ಮಳೆಗಾಲಕ್ಕೆ ಮತ್ತೆ ಕರೆಯುತ್ತಿದ್ದರು. ಅಲಾಯಿ ಹಬ್ಬದ ಕುರಿತು ಡಾಕ್ಟರೇಟ್ ಆಗಿತ್ತು. ನಮ್ಮ ಕಡೆ ಮೊಹರಮ್ಮಿಗೆ ಹಾಗನ್ನುತ್ತಾರೆ. ಆಳಂದ, ಮಾದನಹಿಪ್ಪರಗಾ ಸುತ್ತಿನ ಹಳ್ಳಿಗಳಲ್ಲಿ ಪಂಜಾದ, ಅಂದರೆ ಪೀರರ ಲೋಹದ ಹಸ್ತದ, ಮುಂದೆ ಹರಕೆ ಹೊರುವ ನಮ್ಮ ಲಿಂಗವಂತರೇ ಎಷ್ಟು ಮಂದಿ ಎಂದು ಬರೆದುಕೊಳ್ಳುತ್ತ ನಾಲ್ಕು ವರ್ಷ ಬಸ್ಸಿನ ಧೂಳು ಕುಡಿದಿದ್ದೆ. ಅಷ್ಟರಲ್ಲಿ ದೂರದ ಒಂದು ವಿಶ್ವವಿದ್ಯಾಲಯ ಮಾನವಶಾಸ್ತ್ರವನ್ನೂ ಇಸ್ಲಾಮಿಕ್ ಅಧ್ಯಯನವನ್ನೂ ಪಾಠ ಮಾಡಬಲ್ಲ ಒಬ್ಬರು ಬೇಕೆಂದು ಪ್ರಕಟಣೆ ಕೊಟ್ಟಿತು. ಅರ್ಜಿಯ ಜೊತೆ ಉರ್ದುವಿನಲ್ಲಿ ಸ್ವಂತ ಕೈಬರಹದ ಒಂದು ಲೇಖನ ಇರಬೇಕಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಯಾಕ್ರಿ ಈ ಉಸಾಬರಿ ಎಂದು ಕಾಲೇಜಿನಲ್ಲಿ ನಕ್ಕವರೂ ಇದ್ದರು.

ಉರ್ದು ನನಗೆ ಅಪ್ಪನಿಂದ ಬಂದದ್ದು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಶಾಲೆಯ ಮಾಸ್ತರರಾಗಿ, ಕರಜಗಿಯ ನಮ್ಮ ಮನೆಯಲ್ಲಿ ನಿವೃತ್ತರಾಗಿ ಕುಳಿತವರು ಅವರು. ಲಗ್ನಪತ್ರಿಕೆ ಬಂದರೂ ಮೊದಲು ಪೆನ್ಸಿಲಿನಿಂದ ತಿದ್ದಿ ಆಮೇಲೆ ಗೋಡೆಗೆ ಸಿಕ್ಕಿಸುವವರು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. "ಓದೂದು ಬ್ಯಾರೆ, ಹರಕಿ ಹೊರೂದು ಬ್ಯಾರೆ. ಕೊರಳಾಗ ಲಿಂಗ ಇದ್ದವರು ಮತ್ತೊಂದಕ್ಕ ಕೈ ಮುಗೀಬಾರದು," ಅನ್ನುತ್ತಿದ್ದರು. ರಜಾಕಾರರ ಕಾಲದಲ್ಲಿ ಅಜ್ಜ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದ್ದರಂತೆ. ಆ ಸಿಟ್ಟು ಆರಿರಲಿಲ್ಲ. ದೊಡ್ಡವ್ವ ತನ್ನ ಮಗನ ತೋಳಿಗೆ ದರ್ಗಾದ ತಾಯತ ಕಟ್ಟಿದಳೆಂದು ಆಕೆಯನ್ನು ಒಂದು ವರ್ಷ ತವರಿಗೆ ಅಟ್ಟಿದ್ದರು. ಅಟ್ಟಿದವರು ಅಜ್ಜ, ತಡೆಯದೆ ನಿಂತವರು ಅಪ್ಪ. ಅವ್ವ ಅದನ್ನು ಕಣ್ಣಾರೆ ಕಂಡಿದ್ದಳು.

ಅಂಥ ಅವ್ವ ಒಂದು ಮಧ್ಯಾಹ್ನ ಚೊಂಗ್ಯಾ ಲಟ್ಟಿಸುತ್ತ ನನಗೆ ಎಲ್ಲ ಹೇಳಿಬಿಟ್ಟಳು. ಚೊಂಗ್ಯಾ ಅಂದರೆ ಅಲಾಯಿ ಹಬ್ಬಕ್ಕೆ ಮಾಡುವ ಬೆಲ್ಲದ ರೊಟ್ಟಿ. ಅವಳು ಅದನ್ನು ವರ್ಷಕ್ಕೊಮ್ಮೆ ಮಾಡಿ ಬಳೆಗಾರ್ತಿಯ ಬುಟ್ಟಿಯಲ್ಲಿ ಬಚ್ಚಿಟ್ಟು ತವರಿಗೆ ಕಳಿಸುತ್ತಿದ್ದಳು. ಆ ದಿನ ಅಪ್ಪ ಹೊಲಕ್ಕೆ ಹೋಗಿರುವುದು ತನ್ನ ಪುಣ್ಯ ಅಂದುಕೊಂಡಿದ್ದಳು.

"ನಿನಗಿಂತ ಮೊದಲ ಮೂರು ಕೂಸು ಹೋದವು," ಅಂದಳು. "ನೀ ಹುಟ್ಟಿದಾಗ ನಾ ತವರಾಗಿದ್ದೆ. ಹೆದರಿ, ನಿನ್ನ ಪೀರಗ ಕೊಟ್ಟು ಹೊಳ್ಳಿ ತಂದೀನಿ."

ಅವಳ ತವರು ಜೇವರ್ಗಿ ಕಡೆಯ ಒಂದು ಹಳ್ಳಿ. ಅಲ್ಲಿ ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನ ಕೂಸನ್ನು ಮೊರದಲ್ಲಿ ಹಾಕಿ, ಪಂಜಾ ನೋಡಿಕೊಳ್ಳುವ ಮುಜಾವರನ ಹೆಂಡತಿಯ ಮುಂದಿಟ್ಟು, 'ಇದು ನಿಮ್ಮ ಕೂಸು' ಎಂದು ಹೇಳಿ ತಿರುಗಿ ನೋಡದೆ ನಡೆಯಬೇಕು. ಆಕೆ ಕೂಸಿನ ಕಿವಿಯ ಮೇಲ್ದಂಡೆಗೆ ಬೆಳ್ಳಿಯ ತಂತಿ ಚುಚ್ಚುತ್ತಾಳೆ. ಆಮೇಲೆ ತಾಯಿ ಹೊಸಬಳ ಹಾಗೆ ಬಂದು, ಮೊರ ತುಂಬ ಜೋಳ ಕೊಟ್ಟು, ಸಾಕಲು ಒಂದು ಕೂಸು ಕೊಡಿ ಎಂದು ಬೇಡಿ ತರಬೇಕು. ನತದೃಷ್ಟ ತಾಯಿಯನ್ನು ಹುಡುಕಿ ಬರುವ ಸಾವಿಗೆ ಆ ಕೂಸು ಗುರುತು ಸಿಗುವುದಿಲ್ಲ. ಆದರೆ ವರ್ಷಾವರ್ಷ ಆ ಪಂಜಾಕ್ಕೆ ಸಲ್ಲಬೇಕಾದ ಚೊಂಗ್ಯಾ ತಪ್ಪಿದರೆ ಕೂಸಿನ ಮೇಲೆ ತಾಯಿಯ ಹಕ್ಕು ತಪ್ಪುತ್ತದೆ.

"ನಿಮ್ಮಪ್ಪಗ ಗೊತ್ತಾದ್ರ ನನಗ ಈ ಮನಿ ಇಲ್ಲ ಬೇ. ಇದು ನಿನ್ನ ಹೊಟ್ಟ್ಯಾಗಿರಲಿ."

ಹೂಂ ಅಂದೆ. ಅಂದು, ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ ಎಲ್ಲ ಬರೆದಿಟ್ಟೆ. ಇಂದಿಗೂ ಆ ನೆನಪಿಗೆ ನಾಚಿಕೆಯಾಗುತ್ತದೆ. 'ಮಾಹಿತಿ ಕೊಟ್ಟವರು: ಹೆಣ್ಣು, ಸುಮಾರು ಐವತ್ತೈದು, ನಿರಕ್ಷರಿ, ಲಿಂಗವಂತ ಮನೆತನ.' ಹೆತ್ತವಳ ಬಗ್ಗೆ ಹಾಗೆ ಬರೆಯುವ ವಿದ್ಯೆಯನ್ನು ನಾನು ಸರಕಾರದ ಶಿಷ್ಯವೇತನದಲ್ಲಿ ಕಲಿತಿದ್ದೆ.

ಉರ್ದು ಲೇಖನಕ್ಕೆ ಕುಳಿತಾಗ ಈ ಸಂಗತಿಯನ್ನೇ ನಡುವೆ ಸೇರಿಸಿದೆ. ಬೇರೆ ಯಾವ ಅಭ್ಯರ್ಥಿಯ ಹತ್ತಿರವೂ ಇಂಥದ್ದು ಇರಲಾರದೆಂಬ ದುರಾಸೆ. ಗುರುತು ಸಿಗದ ಹಾಗೆ ಜೇವರ್ಗಿ ಕಡೆಯ ಊರನ್ನು ಆಳಂದದ ಕಡೆಗೆ ಒಯ್ದೆ, ಹೆಣ್ಣುಮಗುವನ್ನು ಗಂಡು ಮಾಡಿದೆ, ಎಡಗಿವಿಯನ್ನು ಬಲಗಿವಿ ಮಾಡಿದೆ. ಮಹಾ ಜಾಣೆ ಅಂದುಕೊಂಡೆ.

ಲೇಖನವನ್ನು ಅಪ್ಪನಿಂದ ತಿದ್ದಿಸದೆ ಗತಿ ಇರಲಿಲ್ಲ. ಒಂಬತ್ತು, ಹತ್ತನೆಯ ಹಾಳೆಗಳನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಬಚ್ಚಿಟ್ಟು ಉಳಿದದ್ದನ್ನು ಕೊಟ್ಟೆ. ಅವರು ಓದಿ ಮುಗಿಸಿ ಕನ್ನಡಕ ತೆಗೆದರು.

"ಎಂಟರ ಮ್ಯಾಲ ಹನ್ನೊಂದು ಬಂದದಲ್ಲ, ನಡುವಿನ ಹಾಳಿ ಎಲ್ಲವಬೇ?"

"ಇನ್ನೂ ಬರೀಬೇಕ್ರಿ ಅಪ್ಪಾ."

ಅವರು ಹಾಳೆಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು. ಮರುದಿನ ಅವರ ತಿದ್ದುಪಡಿಗಳನ್ನೆಲ್ಲ ಶಾಯಿಯಲ್ಲಿ ಬರೆದು, ಎರಡು ಹಾಳೆಗಳನ್ನೂ ಸೇರಿಸಿ ಲಕೋಟೆಗೆ ಹಾಕಿದೆ. ಮನೆಯಲ್ಲಿ ಅಂಟು ಇರಲಿಲ್ಲ. ಅಂಚೆ ಕಚೇರಿಯಲ್ಲಿ ಅಂಟಿಸಿದರಾಯಿತೆಂದು ಬಾಯಿ ತೆರೆದೇ ಇಟ್ಟು ಸ್ನಾನಕ್ಕೆ ಹೋದೆ. ಹೊರಗೆ ಬರುವಷ್ಟರಲ್ಲಿ ಲಕೋಟೆ ಇರಲಿಲ್ಲ. ರಜಿಸ್ಟರ್ ಮಾಡಿಸಿ ಬರುತ್ತೇನೆಂದು ಅಪ್ಪ ಅಫಜಲಪುರದ ಬಸ್ಸು ಹತ್ತಿದ್ದರು.

ಒದ್ದೆ ಕೂದಲಿನಲ್ಲೇ ಬಸ್‌ಸ್ಟ್ಯಾಂಡಿನ ತನಕ ಓಡಿದೆ. ಬಸ್ಸು ಹೋಗಿತ್ತು. ಅಕ್ಷರವಿದ್ದ ಕಾಗದ ಕೈಗೆ ಸಿಕ್ಕರೆ ಓದದೆ ಬಿಡುವ ಮನುಷ್ಯರಲ್ಲ ಅವರು, ಬಜಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವರು. ಸಂಜೆಯವರೆಗೆ ಹತ್ತು ಸಲ ಓಣಿಯ ತುದಿಗೆ ಹೋಗಿ ಬಂದೆ. ಯಾಕ ಹಿಂಗ ಮಾಡಾಕತ್ತಿ ಎಂದು ಅವ್ವ ಹಣೆ ಮುಟ್ಟಿ ನೋಡಿದಳು. ಅವಳ ಕೈ ತಾಗಿದಾಗ ಎಲ್ಲ ಹೇಳಿಬಿಡೋಣ ಅನ್ನಿಸಿತು, ಧೈರ್ಯ ಬರಲಿಲ್ಲ.

ಅಪ್ಪ ಬಂದರು. ರಸೀದಿ ಕೊಟ್ಟರು. ಅವ್ವನ ಹತ್ತಿರ ನೀರು ಕೇಳಿ ಕುಡಿದರು. ಅಷ್ಟೇ.

ಆ ಅಷ್ಟೇ ಎಂಬುದು ನನ್ನನ್ನು ಅರೆದು ಹಾಕಿತು. ಓದಿದ್ದಾರೋ ಇಲ್ಲವೋ? ಓದಿದ್ದರೆ ಅದು ಅವ್ವ ಎಂದು ಹೊಳೆದಿದೆಯೋ? ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಪ್ರತಿ ಶನಿವಾರ ಆಳಂದದಿಂದ ಊರಿಗೆ ಬಂದಾಗಲೂ ಮೊದಲು ನೋಡುತ್ತಿದ್ದದ್ದು ಅವ್ವ ಅಡಿಗೆಮನೆಯಲ್ಲಿ ಇದ್ದಾಳೆಯೇ ಎಂದು. ಅಪ್ಪ ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೂ ನಾನು ಎದ್ದು ಅವ್ವನ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಅವರು ಮಾತಾಡಿದರೂ ಹೆದರಿಕೆ, ಸುಮ್ಮನಿದ್ದರೂ ಹೆದರಿಕೆ. ಸಂದರ್ಶನಕ್ಕೆ ಕರೆ ಬಂದಾಗ ಸಂತೋಷಪಡುವುದನ್ನೇ ಮರೆತೆ, ಯಾಕೆಂದರೆ ಅಪ್ಪ, "ನಾನೂ ಬರ್ತೇನಿ," ಅಂದರು.

ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ಒಂದು ಉದ್ದ ಬೆಂಚು. ಗಡ್ಡದ ಅಭ್ಯರ್ಥಿಗಳ ನಡುವೆ ಧೋತರ, ಕರಿ ಕೋಟು, ಹಣೆತುಂಬ ವಿಭೂತಿಯ ನಮ್ಮಪ್ಪ ಕುಳಿತು ಸೊಗಸಾದ ಉರ್ದುವಿನಲ್ಲಿ ಮಳೆ ಬೆಳೆ ವಿಚಾರಿಸುತ್ತಿದ್ದರು. ಅವರೇ ಅಭ್ಯರ್ಥಿ ಎಂದು ಜವಾನ ಎರಡು ಸಲ ಚಹಾ ತಂದುಕೊಟ್ಟ. ನಾನು ಎಡಗಿವಿಯ ಮೇಲೆ ಕೂದಲು ಇಳಿಬಿಟ್ಟು ಕುಳಿತಿದ್ದೆ.

ಒಳಗೆ ಐದು ಮಂದಿ. ನಾಲ್ವರು ಕೇಳಬೇಕಾದದ್ದನ್ನು ಕೇಳಿದರು, ನಾನು ಹೇಳಬೇಕಾದದ್ದನ್ನು ಹೇಳಿದೆ. ಐದನೆಯವರು ಬಿಳಿ ಗಡ್ಡದ ಹಿರಿಯ ಪ್ರಾಧ್ಯಾಪಕರು. ಅವರು ನನ್ನ ಉರ್ದು ಲೇಖನವನ್ನು ಮಗುಚುತ್ತ ಒಂಬತ್ತನೆಯ ಹಾಳೆಗೆ ನಿಂತರು.

"ಈ ತಿದ್ದುಪಡಿ ಯಾರದು?" ಅಂದರು.

ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನೀಟಾದ ಪೆನ್ಸಿಲ್ ಬರಹ. ಗಂಡುಮಗು ಎಂದಲ್ಲಿ ಹೊಡೆದುಹಾಕಿ ಹೆಣ್ಣುಮಗು. ಆಳಂದ ಎಂದಲ್ಲಿ ಜೇವರ್ಗಿ. ಬಲಗಿವಿ ಎಂದಲ್ಲಿ ಎಡಗಿವಿ. ಅಂಚಿನಲ್ಲಿ ಒಂದು ಸಾಲು: 'ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿ ನಕ್ಕವಳು ನಾನು. ನನ್ನ ಕೈ ನನಗೆ ತಿಳಿಯದೆ ಕಿವಿಗೆ ಹೋಗಿತ್ತು. ಪ್ರಾಧ್ಯಾಪಕರು ಕೈಯನ್ನು ನೋಡಿದರು, ಆಮೇಲೆ ಹಾಳೆಯನ್ನು ನೋಡಿದರು.

"ತಿದ್ದಿದವರು ನಮ್ಮ ತಂದೆ. ಆ ಮಗು ನಾನು," ಅಂದೆ.

"ಬರೆಯಲು ಆ ತಾಯಿಯ ಅಪ್ಪಣೆ ಪಡೆದಿದ್ದಿರಾ?"

"ಇಲ್ಲ."

ಅವರು ಎರಡು ಹಾಳೆಗಳನ್ನೂ ಬಿಡಿಸಿ ನನ್ನ ಮುಂದಿಟ್ಟು, ಇವು ನಮ್ಮ ಕಡತದಲ್ಲಿ ಇರುವುದು ಬೇಡ, ಮನೆಗೆ ಒಯ್ಯಿರಿ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಕೆಲಸ ಬೇರೊಬ್ಬರಿಗೆ ಹೋಯಿತು, ಹೋದದ್ದು ಸರಿಯೇ.

ಹೊರಗೆ ಬಂದು ಅಪ್ಪನ ಪಕ್ಕ ಕುಳಿತೆ. ಹಾಳೆಗಳು ಕೈಯಲ್ಲೇ ಇದ್ದವು. ಅವರು ನೋಡಿ ಕೋಟಿನ ಗುಂಡಿ ಹಾಕಿಕೊಂಡರು.

"ತಪ್ಪು ಬರ್ದಿದ್ದಿ. ತಪ್ಪು ಹೋಗಬಾರದಂತ ತಿದ್ದಿದೆ," ಅಂದರು.

"ನೀವು ಯಾವಾಗ ನೋಡಿದ್ರಿ ಅಪ್ಪಾ?"

"ಕೂಸಿನ ಮಾರಿ ನೋಡೂಣಂತ ಹೇಳದ ಕೇಳದ ಹೋಗಿದ್ದೆ. ನಿಮ್ಮವ್ವ ನಿನ್ನ ಮೊರದಾಗ ಇಟ್ಟು ಹೊಂಟಿದ್ದಳು. ಅಳಾಕತ್ತಿದ್ದಳು. ನಾ ಹಂಗ ಹೊಳ್ಳಿ ಹೋಗಿ, ಮರುದಿನ ಹೊಸದಾಗಿ ಬಂದವರಂಗ ಬಂದೆ."

"ಇಷ್ಟು ವರ್ಷ ಒಂದ ಮಾತು ಆಡಲಿಲ್ಲಲ್ರಿ. ಆಕಿ ದಿನಾ ಅಂಜಕೋತ ಬಾಳ್ವಿ ಮಾಡ್ಯಾಳ."

ಅಪ್ಪ ಕನ್ನಡಕ ತೆಗೆದು ಧೋತರದಿಂದ ಒರೆಸಿದರು. ನಾನು ಹುಟ್ಟಿದಾಗಿನಿಂದ ಕಂಡ ಆ ಗಟ್ಟಿ ಮುಖ ಸ್ವಲ್ಪ ಸಡಿಲಾಯಿತು.

"ಗೊತ್ತದ ಅಂದ್ರ, ಆಕಿ ಚೊಂಗ್ಯಾ ಕಳಸೂದು ಬಿಡಬೇಕಾಗ್ತಿತ್ತು. ಮನ್ಯಾಗ ಅಜ್ಜ ಇದ್ದ. ಬಿಟ್ಟ ಮ್ಯಾಲ ನಿನಗೇನರ ಆದ್ರ?" ಧ್ವನಿ ತಗ್ಗಿಸಿದರು. "ಮೂರು ಕೂಸು ನಾನೂ ಮಣ್ಣಿಗಿಟ್ಟು ಬಂದೇನಿ. ನನಗೂ ಅಂಜಿಕಿ ಇತ್ತಬೇ. ಬಳಿಗಾರ್ತಿ ಬರೂ ದಿವಸ ನಾ ಹೊಲಕ್ಕ ಸುಮ್ಮನ ಹೋಗ್ತಿದ್ದೆನೇನು?"

ಆಮೇಲೆ, ಅವ್ವನಿಗೆ ಹೇಳಬ್ಯಾಡ ಅಂದರು. ಇಷ್ಟು ವರ್ಷದ ಮೇಲೆ ಆಕೆಗೆ ನಾಚಿಕೆಯಾಗುತ್ತದಂತೆ. ನಾಚಿಕೆ ಯಾರಿಗೆಂದು ನನಗೆ ತಿಳಿಯಿತು, ಕೇಳಲಿಲ್ಲ.

ಮರುವರ್ಷ ಅಲಾಯಿ ಹಬ್ಬಕ್ಕೆ ಊರಲ್ಲಿದ್ದೆ. ಬೆಳಿಗ್ಗೆ ಬಳೆಗಾರ್ತಿಯ ಕೂಗು ಓಣಿಯ ತುದಿಯಲ್ಲಿ ಕೇಳಿಸಿದ್ದೇ ತಡ, ಅಪ್ಪ ಕೊಡೆ ಹುಡುಕಿ ಹೊಲಕ್ಕೆ ಹೊರಟರು. ಹೊಲದಲ್ಲಿ ಕೆಲಸವೇನೂ ಇರಲಿಲ್ಲ. ಅಡಿಗೆಮನೆಯಿಂದ ಅವ್ವ ಅರಿವೆಯಲ್ಲಿ ಕಟ್ಟಿದ ಚೊಂಗ್ಯಾ ಹಿಡಿದು ಬಾಗಿಲ ಮರೆಗೆ ಬಂದು ನಿಂತಳು.

"ಹೋದ್ರೇನ ನಿಮ್ಮಪ್ಪ?" ಎಂದು ಪಿಸುಗುಟ್ಟಿದಳು.

"ಹೋದ್ರವ್ವ," ಅಂದೆ.