ಬೀಗ ಹಾಕಿದ ಕೋಣೆಯ ಹೊರಗೆ

ಬೇಸಿಗೆ ಮನುಷ್ಯನ ತಲೆ ಕೆಡಿಸುತ್ತದೆ, ಧಗೆಯ ದಿನಗಳಲ್ಲಿ ಹೊಡೆದಾಟ, ಕೊಲೆ ಹೆಚ್ಚು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಸಿಟ್ಟು ಹುಟ್ಟುವುದು ಮನುಷ್ಯನ ಒಳಗೆ, ಹವೆಯಲ್ಲಲ್ಲ ಎಂದು ವಾದಿಸುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ನಾನು ಕನಕಗಿರಿಯಲ್ಲಿ ಶಿಕ್ಷಕಿಯಾಗಿದ್ದೆ. ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಟೇಲರ್ ವಿರೂಪಾಕ್ಷಪ್ಪ ಮತ್ತು ಅವನ ಹೆಂಡತಿ ಗೌರವ್ವ ಇದ್ದರು. ಇಬ್ಬರೂ ಮೆದು ಮಾತಿನವರು. ಗೌರವ್ವ ನನಗೆ ರೊಟ್ಟಿ ತಂದುಕೊಡದ ದಿನಗಳೇ ಕಡಿಮೆ. ಆದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಗಾಳಿ ಪೂರ್ತಿ ನಿಂತುಹೋಗುವ ಒಂದೆರಡು ದಿನ, ವಿರೂಪಾಕ್ಷಪ್ಪ ತಾನಾಗಿ ಕೋಣೆ ಸೇರಿ ಹೊರಗಿನಿಂದ ಬೀಗ ಹಾಕಿಸಿಕೊಳ್ಳುತ್ತಿದ್ದ. ಅವನ ತಂದೆ ಅಂಥದೇ ಒಂದು ದಿನ, ಯಾವ ಜಗಳವೂ ಇಲ್ಲದೆ, ಸ್ವಂತ ತಮ್ಮನನ್ನು ಕೊಂದಿದ್ದನಂತೆ.

"ಆ ಕೊಲ್ಲೂ ಸಿಟ್ಟ ಹುಡಿಕ್ಯೊಂಡು ಬರತೈತ್ರಿ ಅಕ್ಕೋರ. ನಮ್ಮ ಮನಿ ಅದಕ್ಕ ಗೊತ್ತೈತಿ," ಎನ್ನುತ್ತಿದ್ದ. ಇದು ಬರೀ ಭಯ, ಡಾಕ್ಟರಿಗೆ ತೋರಿಸು ಎಂದಿದ್ದೆ.

ಅಂಥ ಒಂದು ಮಧ್ಯಾಹ್ನ ಬೇವಿನ ಗಿಡದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾಯಿಗಳು ಗಟಾರದ ಅಂಚಿನಲ್ಲಿ ಬಾಯಿ ತೆರೆದು ಮಲಗಿದ್ದವು. ನಾನು ಅವರ ಪಡಸಾಲೆಯಲ್ಲಿ ಕೂತಿದ್ದೆ. ಗೌರವ್ವ ಗಂಡನ ಕೋಣೆಗೆ ಬೀಗ ಹಾಕಿ, ಹಿತ್ತಲ ಬಾಗಿಲಲ್ಲಿ ಖಾರ ಅರೆಯುತ್ತಿದ್ದಳು. ಎದುರು ಮನೆಯ ಶಾಂತವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಇಬ್ಬರೂ ಏನೋ ಮಾತಾಡಿ ನಕ್ಕರು.

ಕೋಣೆಯೊಳಗೆ ವಿರೂಪಾಕ್ಷಪ್ಪ ನರಳುತ್ತಿದ್ದ. ಒಮ್ಮೆಲೇ ನರಳಾಟ ನಿಂತಿತು. ಬಾಗಿಲ ಹತ್ತಿರ ಬಂದು, ಹಗುರಾದ ದನಿಯಲ್ಲಿ, "ಅಕ್ಕೋರ, ಹೋತ್ರಿ. ನನ್ನ ಬಿಟ್ಟು ಹೋತು," ಎಂದ. ಮರುಕ್ಷಣ ಚೀರಿದ: "ನನ್ನ ಹೇಣ್ತಿ ಎಲ್ಲದಾಳ್ರಿ? ಆಕಿನ್ನ ಹಿಡೀರಿ!"

ನಾನು ತಿರುಗುವಷ್ಟರಲ್ಲಿ ಶಾಂತವ್ವ ನೆಲಕ್ಕೆ ಬಿದ್ದಿದ್ದಳು. ಗೌರವ್ವನ ಕೈಯಲ್ಲಿ ಖಾರ ಅರೆಯುವ ಗುಂಡುಕಲ್ಲು. ನನ್ನನ್ನೇ ನೋಡುತ್ತ, "ಇದನ್ನ ಯಾರು ಮಾಡ್ಯಾರ್ರಿ ಅಕ್ಕೋರ?" ಎಂದು ಕೇಳಿದಳು. ನಿಜಕ್ಕೂ ಗೊತ್ತಿಲ್ಲದವರು ಕೇಳುವ ಹಾಗೆ. ಶಾಂತವ್ವ ಉಳಿಯಲಿಲ್ಲ.

ನ್ಯಾಯಾಲಯದಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಬೀಗದ ಹಿಂದಿನಿಂದ ಬಂದ ಮಾತನ್ನೂ ಹೇಳಿದೆ, ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಗೌರವ್ವನಿಗೆ ಜೀವಾವಧಿ ಆಯಿತು. ವಿರೂಪಾಕ್ಷಪ್ಪ ಈಗ ಬೇಸಿಗೆಯ ಕೊನೆಗೆ ಊರಾಚೆ ಬಯಲಲ್ಲಿ ಒಬ್ಬನೇ ಹೋಗಿ ಕೂರುತ್ತಾನೆ, ಅದು ವಾಪಸ್ ತನಗೇ ಬರಲಿ ಎಂದು. ಬಂದಿಲ್ಲ.

ಆ ಕೋಣೆಯಿಂದ ಹಿತ್ತಲು ಕಾಣುವುದಿಲ್ಲ. ಹೆಂಡತಿಯ ಕೈ ಏಳುವ ಮೊದಲೇ ಅವನಿಗೆ ಹೇಗೆ ತಿಳಿಯಿತು?

ಒಮ್ಮೆ ಜೈಲಿಗೆ ಹೋಗಿ ಗೌರವ್ವನನ್ನು ಕಂಡೆ. "ಶಾಂತಕ್ಕನ ಮ್ಯಾಲ ನನಗ ಸಿಟ್ಟ ಇದ್ದಿಲ್ರಿ. ಆಕಿ ಮಕ್ಕಳಿಗಿ ಇಷ್ಟು ಹೇಳ್ರಿ," ಎಂದಳು. ಹೇಳಲೆಂದೇ ಅವರ ಮನೆಗೆ ಹೋದೆ. ಹಿರಿಯ ಮಗಳು ಬಾಗಿಲು ತೆರೆದಳು. ಆ ಹುಡುಗಿಯ ಮುಖ ನೋಡಿದೆ. ನೀರು ಕೇಳಿ, ಕುಡಿದು, ಬಂದುಬಿಟ್ಟೆ.