ಹೆಬ್ಬೆರಳಿನ ಗುಳಿ

ಕಲ್ಲು ಮೇಲೆದ್ದಿತು, ಹೆಗಲಿಗೂ ಬಂತು. ಧುಪದಾಳದ ಹತ್ತಿರದ ಆ ಊರಿನ ಹನುಮಪ್ಪನ ಗುಡಿ ಮುಂದೆ ಸೇರಿದ್ದ ಮಂದಿ ಸಿಳ್ಳು ಹೊಡೆದರು. ಆದರೆ ಕಲ್ಲು ಹೊತ್ತ ಪೈಲ್ವಾನ ಲಗಮಪ್ಪನ ತಲೆಯೊಳಗೆ ಬೇರೆಯೇ ಹುಳು ಹೊಕ್ಕಿತ್ತು: ಗುಳಿ ಎಲ್ಲಿ ಹೋಯಿತು?

ಊರಿನ ಗುಂಡುಕಲ್ಲಿಗೆ ಎಡಗಡೆ ಸಣ್ಣದೊಂದು ಗುಳಿ. ಹರೆಯದಿಂದಲೂ ಅವನ ಹೆಬ್ಬೆರಳು ಅಲ್ಲೇ ಕೂರುತ್ತಿತ್ತು. ಪಂಚಾಯಿತಿ ಚುನಾವಣೆ ಬಂದಾಗಲೆಲ್ಲ ಅವನು ಆ ಕಲ್ಲು ಎತ್ತುವುದು, ಊರು ಕಣ್ಣು ಮುಚ್ಚಿ ವೋಟು ಹಾಕುವುದು ನಡೆದುಬಂದಿತ್ತು. ಗೆದ್ದ ಮೇಲಿನ ಕಥೆ ಕೇಳಬೇಡಿ. ಸಭೆಯಲ್ಲಿ ಪೈಲ್ವಾನನ ನಾಲಿಗೆಯೇ ಏಳುತ್ತಿರಲಿಲ್ಲ. ಚಹಾ ಕುಡಿದು, ಎಲ್ಲದಕ್ಕೂ ಹ್ಞೂಂಗುಟ್ಟಿ ಬರುತ್ತಿದ್ದ. ಪಾಪ, ಕೆಟ್ಟವನಲ್ಲ.

ಈಗ ಅರವತ್ತು ದಾಟಿದೆ. ಹಿಂಡಿ ಚೀಲ ಎತ್ತಿದರೂ ಸೊಂಟ ಹಿಡಿಯುತ್ತದೆ. ಭಾರ ಎತ್ತಿದರೆ ಕಾಲು ಬಿದ್ದುಹೋಗುತ್ತವೆ ಎಂದು ಗೋಕಾಕದ ಡಾಕ್ಟರು ಹೇಳಿಯಾಗಿತ್ತು. ಕಲ್ಲು ಎತ್ತದೆ ಯಾವ ಮುಖ ಹೊತ್ತು ವೋಟು ಕೇಳಲಿ ಎಂದು ಹಟ ಹಿಡಿದು ಎತ್ತಿದ್ದ. ಚೀಲ ಎತ್ತಲಾಗದವನಿಗೆ ಈ ಕಲ್ಲು ಎದ್ದದ್ದಾದರೂ ಹೇಗೆ?

ಮರುದಿನ ಗುಡಿಗೆ ಹೋಗಿ ಕಲ್ಲನ್ನು ಸುತ್ತಲೂ ಸವರಿದ. ಎಣ್ಣೆ ಬಳಿದು ಕಪ್ಪಾಗಿಸಿದ್ದರೂ ಅಡಿಯಲ್ಲಿ ಹೊಸ ಉಳಿಯ ಗುರುತಿತ್ತು. ಈಚೆಗೆ ಗುಡಿಯ ಕಟ್ಟೆ ರಿಪೇರಿಯಾದಾಗ ಹಳೆಯ ಕಲ್ಲನ್ನು ಯಾರೋ ಸಾಗಿಸಿದ್ದಾರೆ. ಯಾರು? ತಲೆ ಕೆರೆದುಕೊಳ್ಳುತ್ತ ಮನೆಗೆ ಬಂದಾಗ, ಕುರಿದೊಡ್ಡಿಯ ಮೂಲೆಯಲ್ಲಿ ಗೋಣಿತಾಟು ಹೊದ್ದ ಏನೋ ಒಂದರ ಮೇಲೆ ಮರಿಯೊಂದು ಹತ್ತಿ ನಿಂತಿತ್ತು. ತಾಟಿನೊಳಗೆ ಕೈ ಹಾಕಿದ. ಹೆಬ್ಬೆರಳು ತಾನಾಗಿಯೇ ಗುಳಿಯಲ್ಲಿ ಕೂತಿತು.

ಹೆಂಡತಿ ಯಲ್ಲಕ್ಕ ಹಿಂದೆಯೇ ನಿಂತಿದ್ದಳು.

"ನಾನ ಮಾಡ್ಸೀನ್ರಿ. ಹುಕ್ಕೇರಿ ಕಡೆ ಕಲ್ಲ ಕಡಿಯಾವರಿಗೆ ಹೇಳಿ ಹಗೂರದ್ದ ತರ್ಸಿ ಇಟ್ಟೀನಿ. ನಿಮ್ಮ ಕಾಲ ಹ್ವಾದ್ರ ನಿಮ್ಮನ್ನ ಎತ್ತಾಕ ನನ್ನ ಕಡಿಂದ ಆಗೂದಿಲ್ಲ."

"ಊರ ಮುಂದ ನನ್ನ ಕಳ್ಳನ್ನ ಮಾಡಿದೆಲ್ಲ!" ಎಂದು ಕೂಗಿದ. ಮೈ ಉರಿದುಹೋಗಿತ್ತು. ಅವಳು ಅಳಲೂ ಇಲ್ಲ, ಕದಲಲೂ ಇಲ್ಲ. ಕಡೆಗೆ ಕುತೂಹಲ ತಡೆಯಲಾರದೆ ಅವನೇ ಕೇಳಿದ:

"ಇದನ್ನ ಇಲ್ಲೀತನಕ ಹೆಂಗ ತಂದ್ರು?"

"ಐದ ಮಂದಿ ಹಿಡದ್ರು. ಆದ್ರೂ ನಡು ನಡುವ ಕೆಳಗ ಇಟ್ರು."

"ಐದ ಮಂದಿ ಬೇಕಾತು?" ಸಿಟ್ಟಿನ ನಡುವೆಯೂ ಅವನ ಮೀಸೆ ನಕ್ಕಿತು.

ಅದೇ ಐವರಿಂದ ಕಲ್ಲನ್ನು ಗುಡಿಗೆ ಹೊರಿಸಿದ. ಮಂದಿ ಸೇರಿದರು.

"ನಿನ್ನಿ ಎತ್ತಿದ್ದು ಈ ಕಲ್ಲಲ್ಲರಿ. ಇದು ಇನ್ನ ನನ್ನ ಕಡಿಂದ ಆಗೂದಿಲ್ಲ."

ಅವನ ಪರ ಪ್ರಚಾರಕ್ಕೆ ನಿಂತಿದ್ದ ಶಿವಪುತ್ರ ತಲೆಯ ಮೇಲೆ ಕೈ ಹೊತ್ತು ಕೂತ. ನೀರಿಗೆ ಹೊರಟಿದ್ದ ಮೇಲಿನ ಓಣಿಯ ಮುದುಕಿ ಶಂಕ್ರವ್ವ ಕೊಡ ಕೆಳಗಿಟ್ಟಳು.

"ಕಲ್ಲ ಹೋಗ್ಲಿ. ನಮ್ಮ ಓಣಿಗೆ ನೀರ ತರೂದರ ಆಗತೈತೇನೋ ಲಗಮಪ್ಪ?"

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಕಲ್ಲು ಎದ್ದಮೇಲೆ ಕೇಳುವುದೇನಿತ್ತು? ಅವನು ಕಲ್ಲಿನ ಮೇಲೆಯೇ ಕೂತ.

"ಗೊತ್ತಿಲ್ಲಬೇ ಯವ್ವಾ. ಸಭಾದಾಗ ಒಮ್ಮೆನೂ ಎದ್ದ ನಿಂತ ಕೇಳಿಲ್ಲ ನಾ."

"ಹಂಗಾರ ಈ ಸಲ ಏಳು."

ಲಗಮಪ್ಪ ಹೆಬ್ಬೆರಳನ್ನು ಗುಳಿಯಲ್ಲಿ ಇಟ್ಟುಕೊಂಡೇ ಹ್ಞೂಂ ಅಂದ.