ಸ್ಪೀಕರ್ ಫೋನಿನಲ್ಲಿ ಪಾಸ್‌ವರ್ಡ್

ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನಾನು ನಾಲತವಾಡದ ಒಂದು ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಸುರಕ್ಷತೆಯ ಅಪ್‌ಡೇಟ್ ಹಾಕಿದೆ. ಅದು ತಾನೇ ಬಂದ್ ಆಗಿ, ಮತ್ತೆ ಶುರುವಾಗಿ, ಪಾಸ್‌ವರ್ಡ್ ಕೇಳಿತು. ಗುಮಾಸ್ತರು ಎದ್ದು ನಿಂತರು.

"ಇದನ್ನ ಎರಡು ವರ್ಷದಿಂದ ಬಂದ್ ಮಾಡಿಲ್ಲರಿ ಸರ. ಪಾಸ್‌ವರ್ಡ್ ಗೊತ್ತಿದ್ದವರು ಸಿಂದಗಿಗೆ ವರ್ಗ ಆಗ್ಯಾರ."

ಕಿಟಕಿಯಲ್ಲಿ ಸರದಿಯ ಮೊದಲಿಗೆ ನಿಂತಿದ್ದ ಹೆಂಗಸಿಗೆ ಮಗಳ ಕಾಲೇಜಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು; ಅವತ್ತೇ ಕಡೆಯ ದಿನ.

"ನೀವು ಬರೋತನಕ ಛಲೋನ ಇತ್ತಲ್ರಿ!" ಎಂದು ನನ್ನನ್ನೇ ಬೈದಳು.

ಗುಮಾಸ್ತರು ಸಿಂದಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ವರ್ಗವಾಗಿ ಹೋದವರು ಅಲ್ಲಿಂದ ಒಂದೊಂದೇ ಅಕ್ಷರ ಕೂಗಿ ಹೇಳಿದರು. ಸರದಿಯವರೆಲ್ಲ ಗಪ್ಪಾಗಿ ಕೇಳಿದರು. ಎರಡು ಸಲ ತಪ್ಪಾಯಿತು.

"ಮೊದಲನೇದು ದೊಡ್ಡ ಅಕ್ಷರ ಅಂದ್ರಲ್ರಿ, ಕಡೀಕ ಒಂಬತ್ತು," ಎಂದು ಆ ಹೆಂಗಸೇ ತಿದ್ದಿದಳು. ತೆರೆಯಿತು. ಪ್ರಮಾಣಪತ್ರವೂ ಸಿಕ್ಕಿತು.

ಲಾಗಿನ್ ಈಗ ಸುರಕ್ಷಿತ ಎಂದು ವರದಿ ಬರೆದೆ. ಪಾಸ್‌ವರ್ಡ್ ಇಡೀ ಸರದಿಗೆ ಗೊತ್ತು, ಮರೆತುಹೋಗುವ ಭಯವಂತೂ ಇಲ್ಲ.